ಆನೆಮುಡಿಯನ್ನೇ ನುಂಗುವ ಗುಂಡಿ!

ದಕ್ಷಿಣ ಭಾರತದ ಪರ್ಯಾಯ ದ್ವೀಪದಲ್ಲಿ ಅತಿ ಎತ್ತರದ ಶಿಖರ ಯಾವುದು, ಹೇಳಿ ನೋಡೋಣ! ಮುಳ್ಳಯ್ಯನಗಿರಿಯೇ? ಅಲ್ಲ! ಅದು ನಮ್ಮ ರಾಜ್ಯಕ್ಕೆ ಮಾತ್ರ ದೊಡ್ಡಣ್ಣ. ಉತ್ತರ, ಕೇರಳದ ಆನೆಮುಡಿ. 2,695 ಮೀಟರ್!

ಇದು ಸುಲಭದ್ದಾಯಿತು. ಈಗ ತಲೆಕೆಳಗು ಮಾಡಿ ಕೇಳುತ್ತೇನೆ. ಇದೇ ನೆಲದೊಳಗೆ ಮನುಷ್ಯ ಎಷ್ಟು ಆಳಕ್ಕೆ ಇಳಿದಿದ್ದಾನೆ?

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ಚಾಂಪಿಯನ್ ನಿಲ್ದಾಣದಲ್ಲಿ ಇಳಿಯಿರಿ. ಕೆಜಿಎಫ್! ಚಾಂಪಿಯನ್ ರೀಫ್ ಚಿನ್ನದ ಗಣಿ! ಆಳ ಊಹಿಸಿ. ಅರ್ಧ ಕಿಲೋಮೀಟರ್? ಒಂದು? ಎರಡು?

ಸುಮಾರು 3,200 ಮೀಟರ್!

ಆನೆಮುಡಿಯ ಅಷ್ಟೂ ಎತ್ತರವನ್ನು ಒಳಗಿಳಿಸಿದರೂ ಮೇಲೆ ಇನ್ನೂ ಅರ್ಧ ಕಿಲೋಮೀಟರ್ ಖಾಲಿ! ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿ. ಅಂದರೆ ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ! ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆ ಕಾವಿನಲ್ಲಿ ಜನ ಪಾಳಿಯ ಮೇಲೆ ದುಡಿದರು! 2001ರಲ್ಲಿ ಗಣಿ ಮುಚ್ಚಿತು. ಈಗ ಒಳಗೆಲ್ಲ ನೀರು.

ಇನ್ನು ಗಡಿಯ ಕಥೆ ಕೇಳಿ!

ಚಿನ್ನ ಹೊತ್ತ ಬಂಡೆಯ ಪಟ್ಟಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ವಯಸ್ಸು? 270 ಕೋಟಿ ವರ್ಷದ ಆಸುಪಾಸು! ಕರ್ನಾಟಕದಿಂದ ಹೊರಟು ಆಂಧ್ರಕ್ಕೆ ನುಗ್ಗುತ್ತದೆ, ತಮಿಳುನಾಡಿನ ಕೃಷ್ಣಗಿರಿ ಕಡೆಗೂ ಕಾಲು ಚಾಚುತ್ತದೆ. ಯಾವ ಚೆಕ್‌ಪೋಸ್ಟೂ ಇಲ್ಲ! ಇದೇ ಪಟ್ಟಿಯ ಮೇಲಿರುವ ಬಿಸನತ್ತಂ ಊರನ್ನು ನೋಡಿ. ಮೊದಲು ಮದ್ರಾಸ್. 1953ರಲ್ಲಿ ಆಂಧ್ರ ರಾಜ್ಯ. 1956ರಲ್ಲಿ ಆಂಧ್ರಪ್ರದೇಶ. ನಾಲ್ಕು ವರ್ಷ ತುಂಬುವುದರೊಳಗೆ ಮೂರು ವಿಳಾಸ!

ಬೇತಮಂಗಲದಲ್ಲಿ ಕಟ್ಟೆ ಕಟ್ಟಿಸಿಕೊಂಡು ಕೆಜಿಎಫ್‌ಗೆ ನೀರು ಕೊಟ್ಟ ಪಾಲಾರ್ ನದಿಯೂ ಹಾಗೆಯೇ. ಮೂರೂ ರಾಜ್ಯ ಹಾಯ್ದು ಬಂಗಾಳಕೊಲ್ಲಿ ಸೇರುತ್ತದೆ!

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಮಾತ್ರ ವಿದ್ಯುತ್ತು. ಶಿವನಸಮುದ್ರ ಆಗ ಮೈಸೂರು ಸಂಸ್ಥಾನದ ಅಂಚು. ಹೊಳೆಯಾಚೆಯ ಕೊಳ್ಳೇಗಾಲ ಮದ್ರಾಸಿನದು! ಆ ಗಡಿಯಲ್ಲಿ ಧುಮುಕುವ ಕಾವೇರಿ ಹುಟ್ಟಿಸಿದ ಕರೆಂಟು ಸಂಸ್ಥಾನದ ಇನ್ನೊಂದು ಗಡಿಯ ಗಣಿಗೆ ಓಡಿತು. ಸುಮಾರು 147 ಕಿಲೋಮೀಟರ್ ತಂತಿ! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು! ವರ್ಷ 1902.

ಹಾಗಾದರೆ ಬೆಂಗಳೂರಿಗೆ ಕರೆಂಟು ಬಂದದ್ದು ಯಾವಾಗ? ಊಹಿಸಿ! 1905ರಲ್ಲಿ!