ಟ್ರಾನ್ಸಿಸ್ಟರಿಗೆ ಬಯಾಸ್ ಕೊಡುವ ಬಗೆ



ಶಾಲೆಯ ನಾಟಕಕ್ಕೆಂದು ಕಟ್ಟಿದ ಪುಟ್ಟ ಆಂಪ್ಲಿಫಯರಿನ ಟ್ರಾನ್ಸಿಸ್ಟರ್ ಸುಟ್ಟುಹೋಯಿತೆನ್ನಿ. ಗೂಡಲೂರಿಗೆ ಹೋಗಿ ಅದೇ ನಂಬರಿನದನ್ನು ತಂದು ಹಾಕಿದಿರಿ. ಆದರೂ ದನಿ ಒಡೆಯುತ್ತಿದೆ. ಮೈಕನ್ನು ಬೈಯಬೇಡಿ, ಮೊದಲು ಬಯಾಸ್ ನೋಡಿ.

ದನಿ ಬರುವ ಮುನ್ನವೇ ಟ್ರಾನ್ಸಿಸ್ಟರಿನಲ್ಲಿ ಎಷ್ಟು ಕರೆಂಟು ಹರಿಯುತ್ತಿರಬೇಕು ಎಂದು ಗೊತ್ತುಮಾಡುವುದೇ ಬಯಾಸ್. ಗೋಡೆಗೆ ಒತ್ತಿ ಕಟ್ಟಿದ ಉಯ್ಯಾಲೆ ಒಂದೇ ಕಡೆಗೆ ತೂಗುತ್ತದಲ್ಲವೆ? ಬ್ಯಾಟರಿ 9 ವೋಲ್ಟಿನದಾದರೆ ಕಲೆಕ್ಟರು ನಡುವೆ, ಸುಮಾರು ನಾಲ್ಕೂವರೆಯಲ್ಲಿ ನಿಂತಿರಬೇಕು. ಆಗ ಎರಡೂ ಕಡೆಗೆ ತೂಗಲು ಜಾಗ.

ಅಗ್ಗದ ದಾರಿಯೆಂದರೆ ಬ್ಯಾಟರಿಯಿಂದ ಬೇಸಿಗೆ ಒಂದೇ ರೆಸಿಸ್ಟರ್, 1.7 ಮೆಗಾ ಓಮಿನಷ್ಟು. (ತಮಿಳು ಪುಸ್ತಕದಲ್ಲಿ ಮಿನ್‌ತಡೈ, ಕನ್ನಡದಲ್ಲಿ ರೋಧಕ, ಅಂಗಡಿಯಲ್ಲಿ ಮಾತ್ರ ಇಬ್ಬರಿಗೂ ರೆಸಿಸ್ಟರೇ.) ಕಲೆಕ್ಟರಿಗೆ 4.7 ಕಿಲೋ ಓಮ್. ಬೇಸಿಗೆ ಹೋದ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುವುದೋ ಅದು ಬೀಟಾ. ಬೀಟಾ 200 ಆದರೆ 5 ಮೈಕ್ರೋ ಆಂಪಿಯರಿಗೆ 1 ಮಿಲಿ ಆಂಪಿಯರ್; ಲೆಕ್ಕ ಸರಿ. ಆದರೆ ಬಿ.ಸಿ. 547 ಎಂಬ ಒಂದೇ ಹೆಸರಿನಲ್ಲಿ ಬೀಟಾ 110ರಿಂದ 800ರವರೆಗೂ ಇರಬಹುದೆಂದು ತಯಾರಕರ ಪಟ್ಟಿಯೇ ಹೇಳುತ್ತದೆ. ಹೊಸದರದ್ದು 400 ಎನ್ನಿ. ಕರೆಂಟು 2 ಮಿಲಿ ಆಂಪಿಯರ್ ಆಗಿ, 4.7 ಕಿಲೋದಲ್ಲಿ 9.4 ವೋಲ್ಟ್ ಇಳಿಯಬೇಕು. ಬ್ಯಾಟರಿಯಲ್ಲಿರುವುದೇ 9! ಕಲೆಕ್ಟರು ತಳ ಹಿಡಿಯುತ್ತದೆ, ದನಿ ಒಡೆಯುತ್ತದೆ.

ಸೆಕೆಯೂ ಇದಕ್ಕೆ ಕೈಜೋಡಿಸುತ್ತದೆ. ಶಾಖ ಏರಿದಂತೆ ಬೀಟಾ ಏರುತ್ತದೆ. ಬೇಸ್‌ಗೂ ಎಮಿಟರಿಗೂ ನಡುವೆ ಬೇಕಾದ 0.6 ವೋಲ್ಟ್ ಡಿಗ್ರಿಗೆ 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಊಟಿಯ ಚಳಿರಾತ್ರಿಯ 5 ಡಿಗ್ರಿಯಿಂದ ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಯ ಬೇಸಿಗೆಯ 35ಕ್ಕೆ ಬಂದರೆ 60 ಮಿಲಿವೋಲ್ಟ್ ಅಂತರ.

ಹಾಗಾಗಿ ಇನ್ನೆರಡು ರೆಸಿಸ್ಟರಿಗೆ ಜಿಪುಣತನ ಬೇಡ. ಬ್ಯಾಟರಿಯಿಂದ ಬೇಸಿಗೆ 150 ಕಿಲೋ, ಬೇಸಿನಿಂದ ಗ್ರೌಂಡಿಗೆ 33 ಕಿಲೋ, ಎಮಿಟರಿನಿಂದ ಗ್ರೌಂಡಿಗೆ 1 ಕಿಲೋ. ಕರೆಂಟು ಹೆಚ್ಚಾದರೆ ಎಮಿಟರಿನ ವೋಲ್ಟೇಜು ಏರುತ್ತದೆ, ಬೇಸಿಗೂ ಅದಕ್ಕೂ ಇರುವ ಅಂತರ ಕುಗ್ಗುತ್ತದೆ, ಕರೆಂಟು ತಾನಾಗಿಯೇ ಹಿಂದೆ ಸರಿಯುತ್ತದೆ. ಬೀಟಾ 200 ಇದ್ದರೆ 0.90 ಮಿಲಿ ಆಂಪಿಯರ್, 400 ಇದ್ದರೂ 0.95 ಅಷ್ಟೆ. ಮೂವತ್ತು ಡಿಗ್ರಿ ಸೆಕೆಗೆ ಏರಿಕೆ ಶೇಕಡಾ 7ರಷ್ಟು.

ಈ 1 ಕಿಲೋ ದನಿಯನ್ನೂ ಅದುಮುತ್ತದೆ. ಐದು ಪಟ್ಟು ಹೆಚ್ಚುವುದೂ ಕಷ್ಟ. ಅದರ ಮೇಲೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ತುದಿ ಎಮಿಟರಿಗೆ. ಮೈಕನ್ನು ಬೇಸಿಗೆ ನೇರವಾಗಿ ಬೆಸೆಯಬೇಡಿ, ನಡುವೆ ಕೆಪಾಸಿಟರ್ ಇರಲಿ. ಇಲ್ಲದಿದ್ದರೆ ಬಯಾಸೆಲ್ಲ ಮೈಕಿನೊಳಗೆ ಹರಿದುಹೋಗುತ್ತದೆ.

ಕಟ್ಟಿದ ಮೇಲೆ, ಮೈಕಿನ ಮುಂದೆ ಯಾರೂ ಮಾತಾಡದಿರುವಾಗ ಮೀಟರ್ ಹಿಡಿಯಿರಿ: ಎಮಿಟರಿನಲ್ಲಿ 0.9, ಬೇಸಿನಲ್ಲಿ 1.5, ಕಲೆಕ್ಟರಿನಲ್ಲಿ 4.7ರ ಆಸುಪಾಸು. ಹಳೆಯ ಮುಳ್ಳಿನ ಮೀಟರು ಬೇಸಿನಲ್ಲಿ ತುಸು ಕಡಿಮೆ ತೋರಿಸೀತು, ಗಾಬರಿ ಬೇಡ. ಕಲೆಕ್ಟರಿನಲ್ಲಿ ಪೂರಾ 9 ಇದ್ದರೆ ಟ್ರಾನ್ಸಿಸ್ಟರ್ ಇನ್ನೂ ಮಲಗಿದೆ. 150 ಕಿಲೋದ ಬೆಸುಗೆಯಿಂದ ಹುಡುಕಲು ಶುರುಮಾಡಿ.