ಮನೆಯವರ ಮನಸ್ಸು ಹತೋಟಿ ತಪ್ಪಿದರೆ ಫೋನ್ ಯಾರಿಗೆ? 14416, ವಿಡಿಯೊ ಕಾಲ್, 108: ಯಾವುದು ಯಾವಾಗ

ಮಧುಗಿರಿ: ರಾತ್ರಿ ಹೊತ್ತು ಎದೆನೋವು ಬಂದರೆ 108ಕ್ಕೆ ಫೋನ್ ಮಾಡಬೇಕು ಅಂತ ಸ್ಕೂಲ್ ಮಕ್ಕಳಿಗೂ ಗೊತ್ತು. ಅದೇ ಮನೆಯಲ್ಲಿ ಒಬ್ಬರು ನಾಲ್ಕು ದಿನದಿಂದ ನಿದ್ದೆ ಇಲ್ಲದೆ ಒಬ್ಬರೇ ಮಾತಾಡುತ್ತಿದ್ದರೆ, ಎಲ್ಲರ ಮೇಲೂ ಎಗರಿ ಬೀಳುತ್ತಿದ್ದರೆ, ಇಲ್ಲಾ ‘ಇನ್ನು ನಾನಿದ್ದು ಏನು ಪ್ರಯೋಜನ’ ಅಂತ ಪದೇ ಪದೇ ಹೇಳುತ್ತಿದ್ದರೆ? ಆಗ ಎಷ್ಟೋ ಮನೆಗಳಲ್ಲಿ ಮೊದಲು ನೆನಪಾಗೋದು ದೇವಸ್ಥಾನ, ಆಮೇಲೆ ನೆಂಟರು, ಕೊನೆಗೆ ಆಸ್ಪತ್ರೆ. ಅಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತೆ.

ಇದಕ್ಕೆ ದೂರವೂ ಒಂದು ಕಾರಣ. ಕೊರಟಗೆರೆಯವರಿಗೆ ತುಮಕೂರು ಹತ್ತಿರ. ಶಿರಾದವರಿಗೆ ಹೈವೇ ಇದೆ. ಪಾವಗಡದ ಕಥೆ ಬೇರೆ. ಬಹುತೇಕ ಸುತ್ತಲೂ ಆಂಧ್ರ ಬಳಸಿಕೊಂಡಿರುವ ತಾಲ್ಲೂಕು, ಜಿಲ್ಲಾ ಕೇಂದ್ರಕ್ಕೆ ಸುಮಾರು 100 ಕಿ.ಮೀ. ರಂಪ ಮಾಡುತ್ತಿರುವ ಮನುಷ್ಯನನ್ನು ನಡುರಾತ್ರಿ ಕಾರಿನಲ್ಲಿ ಕೂರಿಸಿಕೊಂಡು ಅಷ್ಟು ದೂರ ಹೋಗೋದು ಅಂದರೆ ಏನು ಅಂತ ಹೋದವರಿಗೇ ಗೊತ್ತು. ಬಾಡಿಗೆ ಗಾಡಿಯವರೂ ಅಂಥ ಹೊತ್ತಲ್ಲಿ ಸುಲಭಕ್ಕೆ ಒಪ್ಪಲ್ಲ.

ಈ ದೂರವನ್ನು ಸ್ವಲ್ಪ ಕಡಿಮೆ ಮಾಡೋಕೆ ಇರುವ ವ್ಯವಸ್ಥೆಯೇ ಟೆಲಿ-ಮಾನಸ್. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಸಂಸ್ಥೆ. ನಂಬರ್ 14416. ದಿನದ 24 ಗಂಟೆಯೂ ಇರುತ್ತೆ, ಕಾಲ್‌ಗೆ ದುಡ್ಡಿಲ್ಲ. 20 ಭಾಷೆಗಳಲ್ಲಿ ಸೇವೆ ಇದೆ, ಕಾಲ್ ಹೋದ ತಕ್ಷಣ ಭಾಷೆ ಆರಿಸಿಕೊಳ್ಳಬೇಕು. ಮನೆಯಲ್ಲಿ ತೆಲುಗು ಆಡುವ ಪಾವಗಡದ ಕಡೆಯವರು ತೆಲುಗನ್ನೇ ಒತ್ತಬಹುದು.

2024ರ ಅಕ್ಟೋಬರ್ 10ರಂದು ಇದಕ್ಕೆ ವಿಡಿಯೊ ಕಾಲ್ ಸೇರಿಸಲಾಯಿತು. ಮೊದಲ ಹಂತಕ್ಕೆ ಆರಿಸಿದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು, ಉಳಿದೆರಡು ತಮಿಳುನಾಡು ಮತ್ತು ಜಮ್ಮು-ಕಾಶ್ಮೀರ. ಆದರೆ ವಾಟ್ಸಾಪ್ ಥರ ನೇರವಾಗಿ ವಿಡಿಯೊ ಒತ್ತಿದರೆ ಡಾಕ್ಟರ್ ಬರಲ್ಲ. ಮೊದಲು ಮಾಮೂಲಿ ಕಾಲ್. ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ವಿಷಯ ಗಂಭೀರ ಅನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ನೋಡಲೇಬೇಕು ಅಂತ ತಜ್ಞರಿಗೆ ಅನಿಸಿದಾಗ ವಿಡಿಯೊ.

ನೋಡಿದರೆ ಏನು ಗೊತ್ತಾಗುತ್ತೆ ಅಂತ ಕೇಳಬಹುದು. ಬಹಳ ಗೊತ್ತಾಗುತ್ತೆ. ಕೈ ನಡುಗುತ್ತಿದೆಯಾ, ಕಣ್ಣು ಎಲ್ಲೋ ನೋಡುತ್ತಿದೆಯಾ, ಇಲ್ಲದ ದನಿಗೆ ಉತ್ತರ ಕೊಡುತ್ತಿದ್ದಾರಾ, ಮಂಪರಿನಲ್ಲಿದ್ದಾರಾ, ಅಪಾಯದ ವಸ್ತು ಹತ್ತಿರದಲ್ಲಿದೆಯಾ. ಮನೆಯವರು ಫೋನ್‌ನಲ್ಲಿ ‘ಒಂಥರಾ ಆಡ್ತಾ ಇದಾನೆ ಸಾರ್’ ಅಂತ ಹೇಳೋದಕ್ಕೂ ಡಾಕ್ಟರ್ ಕಣ್ಣಾರೆ ನೋಡೋದಕ್ಕೂ ಅಜಗಜಾಂತರ.

ಒಂದು ಉದಾಹರಣೆ. ವರ್ಷಗಟ್ಟಲೆ ದಿನಾ ಕುಡಿಯುತ್ತಿದ್ದವರು ಮಾಲೆ ಹಾಕಿಯೋ, ದುಡ್ಡಿಲ್ಲದೆಯೋ, ಜ್ವರ ಬಂದೋ ದಿಢೀರ್ ಅಂತ ಬಿಟ್ಟಿರುತ್ತಾರೆ. ಎರಡು ಮೂರು ದಿನಕ್ಕೆ ಬೆವರು, ನಡುಕ. ಗೋಡೆ ಮೇಲೆ ಹುಳ ಹರಿದಂಗೆ ಕಾಣುತ್ತೆ, ಮನೆಯವರ ಗುರುತೇ ತಪ್ಪುತ್ತೆ, ಕೆಲವರಿಗೆ ಫಿಟ್ಸೂ ಬರಬಹುದು. ಊರಿನಲ್ಲಿ ಇದಕ್ಕೆ ‘ಗಾಳಿ ಸೋಕಿದೆ’ ಅಂತಾರೆ. ಸೋಕಿರೋದು ಗಾಳಿಯಲ್ಲ. ಮದ್ಯಕ್ಕೆ ಒಗ್ಗಿದ್ದ ಮೆದುಳು ಅದು ಸಿಗದೆ ಕೆರಳಿರುತ್ತೆ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು. ಇಂಥವರನ್ನು ಮಾತಿನಲ್ಲಿ ಸಮಾಧಾನ ಮಾಡುವ ಹಾಗಿಲ್ಲ, ಆಸ್ಪತ್ರೆಗೇ ಸೇರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಾಗಲೂ, ಜ್ವರ ತಲೆಗೇರಿದಾಗಲೂ ನೋಡೋರಿಗೆ ಹುಚ್ಚಿನ ಥರವೇ ಕಾಣುತ್ತೆ. ಹೆರಿಗೆಯಾದ ಒಂದೆರಡು ವಾರದಲ್ಲಿ ಬಾಣಂತಿ ನಿದ್ದೆಗೆಟ್ಟು ಅಸಂಬದ್ಧ ಮಾತಾಡಿದರೆ, ಮಗುವಿನ ಬಗ್ಗೆ ವಿಚಿತ್ರ ಭಯ ಪಟ್ಟರೆ, ಹಿರಿಯರು ‘ಬಾಣಂತಿ ಸನ್ನಿ’ ಅನ್ನೋದು ಅದನ್ನೇ. ಅದೂ ತುರ್ತು. ತಾಯಿ ಮಗು ಇಬ್ಬರನ್ನೂ ಒಂಟಿ ಬಿಡಬಾರದು.

ಹೀಗಾಗಿ ಲೆಕ್ಕ ಸರಳ. ವಿಷ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ, ಫಿಟ್ಸ್ ಬಂದರೆ ವಿಡಿಯೊ ಕಾಲ್ ಅಂತ ಕಾಯಬೇಡಿ, 108. ಕೈಯಲ್ಲಿ ಮಚ್ಚು ಕೊಡಲಿ ಇದ್ದರೆ 112. ಜೀವಕ್ಕೆ ತಕ್ಷಣದ ಅಪಾಯ ಕಾಣುತ್ತಿಲ್ಲ, ಆದರೆ ಮನುಷ್ಯ ಹತೋಟಿಯಲ್ಲಿಲ್ಲ, ಬದುಕು ಬೇಡ ಅನ್ನುತ್ತಿದ್ದಾರೆ, ಏನು ಮಾಡಬೇಕೋ ತಿಳಿಯುತ್ತಿಲ್ಲ ಅಂದರೆ 14416. ಮನೆಯವರೇ ಮಾಡಬಹುದು, ರೋಗಿಯೇ ಮಾತಾಡಬೇಕು ಅಂತಿಲ್ಲ. ಹಳೇ ಚೀಟಿ, ಮಾತ್ರೆ ಪಟ್ಟಿ ಕೈಗೆತ್ತಿಕೊಂಡು, ಸಿಗ್ನಲ್ ಇರುವ ಕಡೆ ಜಗಲಿ ಮೇಲೋ ಮಹಡಿ ಮೇಲೋ ಬಂದು ಮಾತಾಡಿ. ಒಬ್ಬರು ಅವರ ಜೊತೆಯಲ್ಲೇ ಇರಲಿ. ಹೊಲದ ಔಷಧಿ ಮನೆಯಲ್ಲಿದ್ದರೆ ಮೊದಲು ಅದಕ್ಕೆ ಬೀಗ ಬೀಳಲಿ. ವಿಡಿಯೊ ಕಟ್ ಆದರೆ ಬರೀ ಮಾತೂ ಸಾಕು.

ಫೋನ್‌ನಲ್ಲಿರುವ ಡಾಕ್ಟರ್ ಇಂಜೆಕ್ಷನ್ ಕೊಡೋಕೆ ಆಗಲ್ಲ ಅನ್ನೋದೂ ನಿಜ. ಅದನ್ನು ಕೊಡಬೇಕಾದವರು ತಾಲ್ಲೂಕು ಆಸ್ಪತ್ರೆ ಅಥವಾ ಪಿಎಚ್‌ಸಿ ಡಾಕ್ಟರ್. ‘ಇದು ಮೆಂಟಲ್ ಕೇಸ್, ನಮ್ಮದಲ್ಲ, ಬೆಂಗಳೂರಿಗೆ ಹೋಗಿ’ ಅಂತ ಯಾರಾದರೂ ಅಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್ ನೆನಪಿರಲಿ. ರೋಗಿಯ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದಾಗ ನೋಂದಾಯಿತ ವೈದ್ಯರು ಯಾರೇ ಆಗಲಿ, ಮನೋವೈದ್ಯರೇ ಆಗಬೇಕಿಲ್ಲ, 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ಪ್ರತಿನಿಧಿ ಇದ್ದರೆ ಅವರ ಒಪ್ಪಿಗೆ ಬೇಕು, ಅಷ್ಟೇ. ಹತ್ತಿರದ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಸಾಗಿಸೋದೂ ಇದರಲ್ಲೇ ಸೇರುತ್ತೆ. ಕೈ ಇಲ್ಲಿಯ ಡಾಕ್ಟರದ್ದು, ತಜ್ಞರ ಸಲಹೆ ಫೋನ್‌ನಿಂದ. ಇವೆರಡೂ ಕೂಡಿದರೆ ಮಾತ್ರ ವಿಡಿಯೊ ಕಾಲ್‌ನಿಂದ ಉಪಯೋಗ.

ಇನ್ನೊಂದು ಭಯ ಪೊಲೀಸ್ ಕೇಸಿನದು. ವಿಷ ಕುಡಿದವರನ್ನು ಕರೆತಂದು ‘ಊಟದಲ್ಲಿ ಏನೋ ಆಯ್ತು’ ಅಂತ ಸುಳ್ಳು ಹೇಳುವವರಿದ್ದಾರೆ. ಡಾಕ್ಟರಿಗೆ ಏನು ಕುಡಿದದ್ದು ಅಂತ ಗೊತ್ತಾಗದೆ ಅಮೂಲ್ಯ ಸಮಯ ಹೋಗುತ್ತೆ. ಅದೇ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ ಬರೆಯೋದು ದಾಖಲೆಗಾಗಿ. ಔಷಧಿ ಡಬ್ಬಿ ಸಿಕ್ಕರೆ ಜೊತೆಗೇ ತನ್ನಿ.

ಪೊಲೀಸರಿಗೂ ಕಾಯ್ದೆಯಲ್ಲಿ ಕೆಲಸ ಇದೆ. ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರುವಂತಿರುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್‌ನಲ್ಲಿ ಇಡುವಂತಿಲ್ಲ. ನಮ್ಮ ಹಾಗೆಯೇ ಊರಿಂದೂರಿಗೆ ಬಹಳ ದೂರ ಇರುವ ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ ಪೊಲೀಸರ ಕೈಗೇ ಟ್ಯಾಬ್ ಕೊಟ್ಟಿದ್ದಾರೆ. ಮನೆ ಬಾಗಿಲಲ್ಲೇ ತಜ್ಞರನ್ನು ವಿಡಿಯೊದಲ್ಲಿ ಮಾತಾಡಿಸುತ್ತಾರೆ. ನಮ್ಮ 112 ಗಾಡಿಗಳಲ್ಲೂ ಇದನ್ನು ಮಾಡೋದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಮನಸ್ಸು ಬೇಕು.

ವಿಡಿಯೊ ಕಾಲ್ ಬೇರೆ, ವಿಡಿಯೊ ಮಾಡೋದು ಬೇರೆ. ಬಸ್‌ಸ್ಟ್ಯಾಂಡ್ ಹತ್ತಿರ ಯಾರಾದರೂ ಕಿರುಚಾಡಿದರೆ ಹತ್ತು ಮೊಬೈಲ್ ಮೇಲೇಳುತ್ತವೆ, 14416 ಒತ್ತುವ ಬೆರಳು ಒಂದೂ ಇಲ್ಲ. ಚಿಕಿತ್ಸೆಯಲ್ಲಿರುವವರ ಫೋಟೊ, ವಿವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ಕಾಯ್ದೆಯೇ ತಡೆಯುತ್ತೆ. ಸ್ಟೇಟಸ್ ಹಾಕುವವರೂ ಯೋಚಿಸಲಿ.

ಅಂಗಡಿಯವರಿಗೂ ಒಂದೆರಡು ಮಾತು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಡಾಕ್ಟರ್ ಸಹಿ, ನೋಂದಣಿ ಸಂಖ್ಯೆ ಇರುವ ಚೀಟಿ ಮೊಬೈಲ್‌ಗೆ ಬಂದಿದ್ದರೂ ನಡೆಯುತ್ತೆ, ಮೆಡಿಕಲ್ ಸ್ಟೋರ್‌ನವರು ವಾಪಸ್ ಕಳಿಸಬೇಕಿಲ್ಲ. ಆದರೆ ಶೆಡ್ಯೂಲ್ ಎಕ್ಸ್ ಔಷಧಿಗಳಂಥವನ್ನು ಫೋನ್ ಮೂಲಕ ಬರೆಯುವಂತಿಲ್ಲ. ಗೊಬ್ಬರ-ಔಷಧಿ ಅಂಗಡಿಯಲ್ಲಿ, ಬೆಳೆಯೇ ಇಲ್ಲದ ಹೊತ್ತಲ್ಲಿ ಒಬ್ಬರೇ ಬಂದು ಮುಖ ಬಾಡಿಸಿಕೊಂಡು ಔಷಧಿ ಕೇಳಿದರೆ ‘ಸ್ಟಾಕ್ ಇಲ್ಲ ಅಣ್ಣ, ಕೂತ್ಕೊ, ಟೀ ಕುಡಿ’ ಅನ್ನೋಕೆ ಯಾವ ಕಾನೂನೂ ಬೇಡ.

ಆ ರಾತ್ರಿ ಕಳೆದ ಮೇಲೆ ಚಿಕಿತ್ಸೆ ಮುಂದುವರಿಯಬೇಕಲ್ಲ, ಅದಕ್ಕೆ ಬೆಂಗಳೂರೇ ಆಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ಶಿಬಿರ ಇದೆ, ಸಾಮಾನ್ಯವಾಗಿ ಮಂಗಳವಾರ. ಹೊರಡುವ ಮೊದಲು ಯಾವ ಮಂಗಳವಾರ ಅಂತ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ.