ಮಡಚುವ ಸೈಕಲ್: ಮೊದಲು ಮೊಣಕಾಲು, ಆಮೇಲೆ ವಿಮಾನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಬ್ಬರಾದರೂ ಹೊರಗೆ ದುಡಿಯುತ್ತಾರೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು, ಕೆಲವರು ದೂರದ ಕೊಲ್ಲಿ ದೇಶಗಳು. ಇತ್ತ ಊರಿನಲ್ಲಿರುವ ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗುತ್ತದೆ. ‘ದಿನಾ ಅರ್ಧ ಗಂಟೆ ನಡೆಯಿರಿ, ಇಲ್ಲವೇ ಸೈಕಲ್ ತುಳಿಯಿರಿ’ ಎಂದು ವೈದ್ಯರು ಹೇಳುತ್ತಾರೆ. ನಗರದಲ್ಲಿ ಮಡಚುವ ಸೈಕಲ್ ನೋಡಿದ ಮಗನಿಗೆ ಅದು ಹಿಡಿಸುತ್ತದೆ. ನಗರದ ಕೋಣೆಯಲ್ಲಿ ಮಂಚದಡಿ ಇಡಬಹುದು, ಊರಿಗೆ ಬರುವಾಗ ವಿಮಾನದಲ್ಲಿ ತರಬಹುದು, ಅಪ್ಪನೂ ತುಳಿಯಬಹುದು. ಆಲೋಚನೆ ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು ಅದು ಎಷ್ಟು ಚಿಕ್ಕದಾಗಿ ಮಡಚುತ್ತದೆ ಎಂಬುದರ ಮೇಲೆ. ತುಳಿಯುವವರ ಮೊಣಕಾಲು, ಸೊಂಟ, ಊರಿನ ರಸ್ತೆ ಇವುಗಳ ನೆನಪು ಬರುವುದು ಆಮೇಲೆ. ತಿಂಗಳೊಳಗೆ ಮೊಣಕಾಲು ನೋವು ಶುರುವಾಗಿ ಸೈಕಲ್ ಅಟ್ಟ ಸೇರುತ್ತದೆ. ಹಣ ಹೋಗುವುದು ಒತ್ತಟ್ಟಿಗಿರಲಿ, ಅಪ್ಪನ ವ್ಯಾಯಾಮ ನಿಂತೇ ಹೋಗುತ್ತದೆ. ನಿಜವಾದ ನಷ್ಟ ಅದು.

ದೇಹಕ್ಕೆ ಏನು ಲಾಭ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳಿದರೆ 150 ನಿಮಿಷ ತುಂಬಿತು. ಮಧ್ಯಮ ಪ್ರಮಾಣ ಎಂದರೆ ಎಷ್ಟು? ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ಲೆಕ್ಕ.

ಸೈಕಲ್ ತುಳಿಯುವಾಗ ಮೈಭಾರದ ಬಹುಪಾಲು ಸೀಟಿನ ಮೇಲಿರುತ್ತದೆ. ಆದ್ದರಿಂದ ಓಡುವಾಗ ಆಗುವ ಜಕಮು ಕೀಲುಗಳಿಗೆ ತಗಲುವುದಿಲ್ಲ. ತೊಡೆಯ ದೊಡ್ಡ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ರಕ್ತದೊತ್ತಡ ಹತೋಟಿಗೆ ಬರಲು ಸಹಾಯವಾಗುತ್ತದೆ. ಆದರೆ ಸೈಕಲ್ ಮೈಗೆ ಹೊಂದಿದರೆ ಮಾತ್ರ ಈ ಲಾಭಗಳು ದಕ್ಕುತ್ತವೆ.

ಸಣ್ಣ ಗಾಲಿಯ ಗುಟ್ಟು

‘ಗಾಲಿ ಸಣ್ಣದಾದರೆ ಹೆಚ್ಚು ತುಳಿಯಬೇಕು’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. ಹಳೆಯ 28 ಅಂಗುಲದ ಕರಿ ಸೈಕಲ್‌ನಲ್ಲಿ ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯ ಚಕ್ರಕ್ಕೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. 20 ಅಂಗುಲದ ಮಡಚುವ ಸೈಕಲ್‌ನಲ್ಲಿ ಮುಂದೆ 52, ಹಿಂದೆ 15 ಹಲ್ಲು ಇದ್ದರೆ ಅದೂ ಸುಮಾರು ಐದೂವರೆ ಮೀಟರೇ ಹೋಗುತ್ತದೆ. ಗಾಲಿ ಸಣ್ಣದಾದುದನ್ನು ಹಲ್ಲಿನ ಲೆಕ್ಕ ಸರಿದೂಗಿಸುತ್ತದೆ. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರು 1962ರಲ್ಲಿಯೇ ಸಣ್ಣ ಗಾಲಿಯ ಸೈಕಲ್ ತಯಾರಿಸಿ ಅದು ವೇಗವಾಗಿ ಓಡಬಲ್ಲದೆಂದು ತೋರಿಸಿದ್ದರು.

ಸಣ್ಣ ಗಾಲಿಯ ನಿಜವಾದ ಕೊರತೆ ಬೇರೆ ಇದೆ. ದೊಡ್ಡ ಗಾಲಿ ದಾಟಿಬಿಡುವ ಗುಂಡಿಯಲ್ಲಿ ಸಣ್ಣ ಗಾಲಿ ಇಳಿಯುತ್ತದೆ. ಆ ಹೊಡೆತ ಮಣಿಕಟ್ಟಿಗೂ ಸೊಂಟಕ್ಕೂ ಬರುತ್ತದೆ. ಹ್ಯಾಂಡಲ್ ಕೂಡ ಚುರುಕಾಗಿ ತಿರುಗುತ್ತದೆ. ಹೊಸಬರು ಒಂದೆರಡು ದಿನ ಬಯಲಿನಲ್ಲಿ ರೂಢಿ ಮಾಡಿಕೊಂಡೇ ರಸ್ತೆಗೆ ಬರಬೇಕು. ಟಯರು ತೀರ ತೆಳುವಾಗಿರದೆ ಸ್ವಲ್ಪ ದಪ್ಪವಾಗಿದ್ದರೆ ಹೊಡೆತ ಕಡಿಮೆಯಾಗುತ್ತದೆ.

ಸೀಟಿನ ಎತ್ತರ ಸರಿಯಿರಲಿ

ಮೊಣಕಾಲು ನೋವಿಗೆ ಮುಖ್ಯ ಕಾರಣ ಸೀಟು ತಗ್ಗಾಗಿರುವುದು. ಕಾಲು ನೆಲಕ್ಕೆ ಪೂರ್ತಿ ಊರಬೇಕೆಂಬ ಆಸೆಯಿಂದ ಸೀಟು ಇಳಿಸುತ್ತೇವೆ. ಆಗ ಮೊಣಕಾಲು ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಬಿದ್ದು, ಮುಂಭಾಗ ನೋಯತೊಡಗುತ್ತದೆ. ಸೀಟು ತೀರ ಎತ್ತರವಾದರೆ ಮೊಣಕಾಲಿನ ಹಿಂಭಾಗ ನೋಯುತ್ತದೆ, ತುಳಿಯುವಾಗ ಸೊಂಟ ಅತ್ತಿತ್ತ ತೂಗುತ್ತದೆ.

ಸರಿಯಾದ ಎತ್ತರ ಕಂಡುಕೊಳ್ಳುವುದು ಸುಲಭ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಅನಂತರ ಪಾದದ ಮುಂಭಾಗವನ್ನು ಪೆಡಲಿನ ಮೇಲೆ ಇಟ್ಟರೆ ಮೊಣಕಾಲಿನಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಅದೇ ಸರಿಯಾದ ಎತ್ತರ. ಆ ಜಾಗದಲ್ಲಿ ಸೀಟಿನ ಕಂಬಿಯ ಮೇಲೆ ಬಣ್ಣದ ಗುರುತು ಹಾಕಿ. ಮಡಚುವ ಸೈಕಲ್‌ನಲ್ಲಿ ಪ್ರತಿ ಸಲ ಸೀಟು ಇಳಿಸಿ ಏರಿಸಬೇಕಾಗುವುದರಿಂದ ಈ ಗುರುತು ಬಹಳ ಮುಖ್ಯ. ಮನೆಯ ಮೂವರು ತುಳಿಯುವುದಾದರೆ ಮೂರು ಬಣ್ಣದ ಗುರುತು ಇರಲಿ. ಎತ್ತರದವರು ಕೊಳ್ಳುವ ಮೊದಲೇ ಕಂಬಿ ಸಾಕಷ್ಟು ಉದ್ದವಿದೆಯೇ ಎಂದು ನೋಡಬೇಕು. ಕಂಬಿಯ ಮೇಲಿನ ಕೊನೆಯ ಗೆರೆ ದಾಟಿ ಎಳೆದರೆ ಅದು ಮುರಿಯಬಹುದು.

ಗೇರು ಇರುವುದು ಬೇಗ ಹೋಗಲಿಕ್ಕೆ ಎಂದು ಹುಡುಗರು ತಿಳಿಯುತ್ತಾರೆ. ನಡುವಯಸ್ಸು ದಾಟಿದವರಿಗೆ ಅದು ಮೊಣಕಾಲು ಕಾಯುವ ಸಾಧನ. ಏರಿನಲ್ಲಿ, ಎದುರುಗಾಳಿಯಲ್ಲಿ ಹಗುರ ಗೇರಿಗೆ ಬಂದು ನಿಮಿಷಕ್ಕೆ 60ರಿಂದ 80 ಸುತ್ತು ನಿರಾಯಾಸವಾಗಿ ತುಳಿಯಬೇಕು. ಭಾರದ ಗೇರಿನಲ್ಲಿ ಹಲ್ಲು ಕಚ್ಚಿ ತುಳಿಯುವುದು ಮೊಣಕಾಲಿಗೆ ಒಳ್ಳೆಯದಲ್ಲ.

ಮಡಚುವ ಸೈಕಲ್‌ನ ಒಂದು ಒಳ್ಳೆಯ ಗುಣವನ್ನು ಹೇಳಲೇಬೇಕು. ಅದರ ನಡುಬಾರು ತಗ್ಗಿನಲ್ಲಿರುತ್ತದೆ. ಸೊಂಟ ಹಿಡಿದವರೂ, ಸೀರೆ ಉಟ್ಟ ಹೆಣ್ಣುಮಕ್ಕಳೂ ಕಾಲು ಎತ್ತಿ ಹಾಕದೆ ಹತ್ತಬಹುದು. ಚೈನಿಗೆ ಪೂರ್ತಿ ಮುಚ್ಚಳ ಇರುವುದನ್ನೇ ಆರಿಸಿ. ಇಲ್ಲವಾದರೆ ಸೆರಗು, ಧೋತರ ಸಿಕ್ಕಿಕೊಂಡು ಬೀಳುವ ಅಪಾಯವಿದೆ.

ನಮ್ಮ ರಸ್ತೆ, ನಮ್ಮ ಮಣ್ಣು

ಬೀದರ್–ಕಲಬುರಗಿ–ಜೇವರ್ಗಿ–ವಿಜಯಪುರ ಹೆದ್ದಾರಿಯಂಥ ಡಾಂಬರು ರಸ್ತೆಯಲ್ಲಿ ಸಣ್ಣ ಗಾಲಿ ಸಲೀಸಾಗಿ ಉರುಳುತ್ತದೆ. ಆದರೆ ಅಲ್ಲಿ ಲಾರಿಗಳ ಓಡಾಟ ಹೆಚ್ಚು, ವ್ಯಾಯಾಮಕ್ಕೆ ಅದು ತಕ್ಕ ಜಾಗವಲ್ಲ. ಊರೊಳಗಿನ ರಸ್ತೆ, ತಾಲ್ಲೂಕು ಕ್ರೀಡಾಂಗಣ, ಗಾಣಗಾಪುರದವರಿಗೆ ದೇವಸ್ಥಾನದಿಂದ ಭೀಮಾ–ಅಮರ್ಜಾ ಸಂಗಮಕ್ಕೆ ಹೋಗುವ ದಾರಿ, ಇಂಥವು ಬೆಳಗಿನ ಸವಾರಿಗೆ ಹೊಂದುತ್ತವೆ. ಗಾಣಗಾಪುರ ರೋಡ್ ರೈಲು ನಿಲ್ದಾಣದಿಂದ ಕ್ಷೇತ್ರಕ್ಕೆ ಇಪ್ಪತ್ತು ಕಿ.ಮೀ. ಆಸುಪಾಸು ದೂರ. ಅಭ್ಯಾಸವಿದ್ದವರು ಚಳಿಗಾಲದ ಮುಂಜಾನೆ ಒಂದೂವರೆ ಗಂಟೆಯಲ್ಲಿ ಮುಟ್ಟಬಹುದು. ಅಭ್ಯಾಸವಿಲ್ಲದವರು ಮೊದಲ ದಿನವೇ ಹೊರಡುವ ಸಾಹಸ ಬೇಡ.

ಎರಿ ಮಣ್ಣಿನ ಹೊಲದ ದಾರಿಗೆ ಮಡಚುವ ಸೈಕಲ್ ತಕ್ಕುದಲ್ಲ. ಒಂದು ಮಳೆ ಬಿದ್ದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಅಂಟಿ ಗಾಲಿಯೇ ತಿರುಗುವುದಿಲ್ಲ. ತೊಗರಿ ಚೀಲ ಹೇರುವಂತೆಯೂ ಇಲ್ಲ. ಇಂಥ ಅನೇಕ ಸೈಕಲ್‌ಗಳಿಗೆ ಸವಾರ ಮತ್ತು ಸಾಮಾನು ಎರಡೂ ಸೇರಿ 100ರಿಂದ 110 ಕಿಲೊ ಮಿತಿ ಇರುತ್ತದೆ. ಹೊಲಕ್ಕೆ ಹೋಗಲು ಹಳೆಯ ಕರಿ ಸೈಕಲ್ಲೇ ಸರಿ.

ಜಾಲಿಮುಳ್ಳಿನ ಸೀಮೆಯಲ್ಲಿ ಪಂಕ್ಚರ್ ತಪ್ಪದು. ಆದ್ದರಿಂದ ಟಯರಿನ ಬದಿಯಲ್ಲಿ ಬರೆದ ಅಂಕಿ ನೋಡಿ ಕೊಳ್ಳಿ. 20 ಅಂಗುಲದಲ್ಲೇ 406 ಮತ್ತು 451 ಎಂಬ ಎರಡು ಅಳತೆಗಳಿವೆ. 406 ಮಕ್ಕಳ ಸೈಕಲ್‌ಗಳಲ್ಲೂ ಬಳಕೆಯಲ್ಲಿರುವುದರಿಂದ ಅದರ ಟ್ಯೂಬು ಸಿಗುವುದು ಸುಲಭ. 16 ಅಂಗುಲದ ದುಬಾರಿ ವಿದೇಶಿ ಸೈಕಲ್‌ಗಳ 349 ಅಳತೆಯ ಟ್ಯೂಬನ್ನು ತಾಲ್ಲೂಕು ಊರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಎರಡು ಟ್ಯೂಬು ಜತೆಗೇ ತಂದಿಡಬೇಕು.

ವಿಮಾನಕ್ಕೆ ಒಯ್ಯುವಾಗ

ಕಲಬುರಗಿ ವಿಮಾನ ನಿಲ್ದಾಣ ಆರಂಭವಾದದ್ದು 2019ರ ನವೆಂಬರ್ 22ರಂದು. ಹೈದರಾಬಾದಿನ ಶಂಷಾಬಾದ್ ನಿಲ್ದಾಣವನ್ನು ಬಳಸುವವರೂ ಇದ್ದಾರೆ. ಎಲ್ಲಿಂದ ಹತ್ತಿದರೂ ಎರಡು ಲೆಕ್ಕ ಮುಖ್ಯ: ತೂಕ ಮತ್ತು ಅಳತೆ.

ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ಹೆಚ್ಚಾಗಿ 15 ಕಿಲೊ ಸಾಮಾನು ಉಚಿತ. ಮಡಚುವ ಸೈಕಲ್‌ಗಳ ತೂಕ ಸಾಮಾನ್ಯವಾಗಿ 11ರಿಂದ 15 ಕಿಲೊ. ಚೀಲದ ತೂಕ ಸೇರಿದರೆ ಬಟ್ಟೆಬರೆಗೆ ಏನೂ ಉಳಿಯುವುದಿಲ್ಲ, ಹೆಚ್ಚಿನ ತೂಕಕ್ಕೆ ಹಣ ಕಟ್ಟಬೇಕು. ಇನ್ನು ಅಳತೆ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದೆಂಬ ನಿಯಮ ಅನೇಕ ವಿಮಾನ ಕಂಪೆನಿಗಳಲ್ಲಿದೆ. ಲಂಡನ್ನಿನ ಬ್ರಾಂಪ್ಟನ್ ಸೈಕಲ್ 16 ಅಂಗುಲದ ಗಾಲಿಯದು, ಮಡಚಿದಾಗ ಸುಮಾರು 150 ಸೆಂಟಿಮೀಟರ್ ಆಗುತ್ತದೆ. 20 ಅಂಗುಲದವು ಸಾಮಾನ್ಯವಾಗಿ 158 ಮೀರುತ್ತವೆ. ಅಮೆರಿಕದ ಬೈಕ್ ಫ್ರೈಡೆ ಕಂಪೆನಿ 1992ರಿಂದ, ಕೆಲವು ಭಾಗ ಬಿಚ್ಚಿ ಸೂಟ್‌ಕೇಸಿನಲ್ಲಿ ತುಂಬಬಹುದಾದ ಸೈಕಲ್ ಮಾಡುತ್ತಾ ಬಂದಿದೆ. ಚಿಕ್ಕ ವಿಮಾನಗಳಲ್ಲಿ ಸಾಮಾನು ಇಡುವ ಜಾಗವೂ ಚಿಕ್ಕದು. ಟಿಕೆಟು ಕೊಳ್ಳುವ ಮೊದಲೇ ಕಂಪೆನಿಯನ್ನು ಕೇಳಿ ಒಪ್ಪಿಗೆ ಪಡೆಯುವುದು ಜಾಣತನ.

ಬ್ಯಾಟರಿ ಸೈಕಲ್ ಕೊಳ್ಳುವವರು ಒಂದು ಮಾತು ನೆನಪಿಡಬೇಕು. 160 ವ್ಯಾಟ್-ಅವರ್ ಮೀರಿದ ಲೀಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ. ಸೈಕಲ್ ಬ್ಯಾಟರಿಗಳು ಸಾಮಾನ್ಯವಾಗಿ ಇದನ್ನು ಮೀರಿರುತ್ತವೆ. ಪಂಕ್ಚರ್ ಹಾಕುವ ಅಂಟು ಬೇಗ ಬೆಂಕಿ ಹಿಡಿಯುವಂಥದ್ದು, ಅದನ್ನೂ ಮನೆಯಲ್ಲೇ ಬಿಡಿ. ಟಯರಿನ ಗಾಳಿ ಸ್ವಲ್ಪ ಇಳಿಸಿ, ಪೆಡಲ್ ಮಡಚಿ ಅಥವಾ ಬಿಚ್ಚಿ, ಚೈನಿನ ಬದಿಗೆ ಹಳೆಯ ಕೌದಿಯ ತುಂಡು ಸುತ್ತಿ.

ಎತ್ತುವಾಗ ಸೊಂಟದ ಮೇಲೆ ಎಚ್ಚರ ಇರಲಿ. ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ, ಚೀಲವನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು. ಹರ್ನಿಯಾ ಅಥವಾ ಸೊಂಟದ ತೊಂದರೆ ಇದ್ದವರು ಗಾಲಿ ಇರುವ ಚೀಲವನ್ನೇ ಬಳಸಲಿ, ಎತ್ತುವ ಕೆಲಸ ಬೇರೆಯವರಿಗೆ ಬಿಡಲಿ.

ಇಳಿದ ಮೇಲೆ

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕುಳಿತು ಪಯಣಿಸಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಕೊಲ್ಲಿಯಿಂದ ಬರುವವರು ನಡುನಡುವೆ ಎದ್ದು ಓಡಾಡಿ, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ನೀರು ಕುಡಿಯುತ್ತಿರಬೇಕು. ಇಳಿದ ಮೇಲೆ ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಸೈಕಲ್ ಮುಟ್ಟದೆ ವೈದ್ಯರಲ್ಲಿಗೆ ಹೋಗಿ. ಉಸಿರು ಕಟ್ಟುವುದು, ಎದೆ ನೋವು ಇದ್ದರೆ ಒಂದು ಕ್ಷಣವೂ ತಡ ಬೇಡ. ಆರಾಮಾಗಿದ್ದರೂ ಒಂದು ರಾತ್ರಿ ನಿದ್ದೆ ಮಾಡಿಯೇ ಸವಾರಿ ಹೊರಡಿ.

ಸೈಕಲ್ ಬಿಚ್ಚಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಮಡಚುವ ಕೀಲಿನಲ್ಲಿ ‘ಟಕ್ ಟಕ್’ ಎಂದರೆ ಕೊಂಡಿ ಬಿಗಿಯಿಲ್ಲ. ಬಿಗಿಮಾಡದೆ ಹತ್ತಬೇಡಿ. ದಾರಿಯಲ್ಲಿ ಕೊಂಡಿ ಬಿಚ್ಚಿಕೊಂಡರೆ ಮುಖ ಅಡಿಯಾಗಿ ಬೀಳುತ್ತೀರಿ.

ಕೆಲವು ಸಾಮಾನ್ಯ ಪ್ರಶ್ನೆಗಳು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ತುಳಿಯಬಹುದೇ?
ತುಳಿಯಬಹುದು, ವೈದ್ಯರನ್ನು ಕೇಳಿ ಶುರು ಮಾಡಬೇಕು. ಬರಿಹೊಟ್ಟೆಯಲ್ಲಿ ಬೇಡ. ಕಿಸೆಯಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈನಡುಕ, ತಣ್ಣನೆ ಬೆವರು, ತಲೆಸುತ್ತು ಬಂದರೆ ಇಳಿದು ಮೂರು ಚಮಚ ಸಕ್ಕರೆ ತಿನ್ನಬೇಕು. ಚಪ್ಪಲಿ ಬದಲು ಬೂಟು ಹಾಕಿ, ಮನೆಗೆ ಬಂದು ಪಾದದಲ್ಲಿ ಗಾಯವಿದೆಯೇ ನೋಡಬೇಕು.

ಬೇಸಿಗೆಯಲ್ಲಿ ಹೇಗೆ?
ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೂರ್ಯ ಏರುವ ಮೊದಲೇ ಸವಾರಿ ಮುಗಿಸಿ. ನೀರು, ಮಜ್ಜಿಗೆ ಕುಡಿಯಿರಿ. ತಲೆನೋವು, ವಾಕರಿಕೆ ಬಂದರೆ ನೆರಳಿಗೆ ಬಂದು ಮೈ ತಂಪು ಮಾಡಿಕೊಳ್ಳಿ. ಮಾತು ತೊದಲಿದರೆ, ಮಂಪರು ಕವಿದರೆ ಅದು ಬಿಸಿಲಾಘಾತ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕೊನೆಗೆ, ಯಾವುದನ್ನು ಕೊಳ್ಳಬೇಕು?
ವರ್ಷಕ್ಕೆ ಒಂದೆರಡು ಸಲ ಮಾತ್ರ ವಿಮಾನ ಹತ್ತುವವರಿಗೆ ಮಡಚುವ ಸೈಕಲ್ ಬೇಕಿಲ್ಲ. ಊರಿನಲ್ಲಿರುವ ಅಪ್ಪನಿಗೆ ಅವರ ಎತ್ತರಕ್ಕೆ ಹೊಂದುವ ಸಾದಾ ಸೈಕಲ್ ಕೊಡಿಸಿ, ಕಡಿಮೆ ಖರ್ಚು, ರಿಪೇರಿಯೂ ಸುಲಭ. ನಗರದ ಚಿಕ್ಕ ಕೋಣೆಯಲ್ಲಿದ್ದು ಬಸ್ಸು, ರೈಲು ಬದಲಿಸುತ್ತಾ ದಿನವೂ ತುಳಿಯುವವರಿಗೆ 20 ಅಂಗುಲದ, ಗೇರು ಇರುವ ಮಡಚುವ ಸೈಕಲ್ ಒಳ್ಳೆಯದು. ಪದೇ ಪದೇ ವಿಮಾನದಲ್ಲಿ ಒಯ್ಯುವವರು ಮಾತ್ರ 16 ಅಂಗುಲದ ಹಗುರ ಸೈಕಲ್‌ಗೆ ಹೆಚ್ಚು ಹಣ ಹಾಕಬಹುದು. ಯಾವುದೇ ಇರಲಿ, ತುಳಿಯುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಹತ್ತು ನಿಮಿಷ ತುಳಿಸಿ, ಇಳಿದ ಮೇಲೆ ‘ಮೊಣಕಾಲು ಹೆಂಗೈತಿ?’ ಎಂದು ಕೇಳಿ. ಬೆಲೆ ಕೇಳುವುದು ಆಮೇಲೆ.